ಬೆಳಕಿಗೆ ನಮ್ಮ ಚರ್ಮದ ಪರಿಚಯವಾಗಲಿ

ಚರ್ಮದ ಅರ್ಬುದವನ್ನು ಕೊಯ್ದು ತೆಗೆಯುವ ಶಸ್ತ್ರವೈದ್ಯನನ್ನು ಕಾಡುವ ಪ್ರಶ್ನೆ ಒಂದೇ: ಗಡ್ಡೆ ಎಲ್ಲಿಗೆ ಮುಗಿಯಿತು? ಕಡಿಮೆ ಕೊಯ್ದರೆ ರೋಗ ಮರುಕಳಿಸೀತು. ಹೆಚ್ಚು ಕೊಯ್ದರೆ ಮೂಗೋ ರೆಪ್ಪೆಯೋ ವಿಕಾರವಾದೀತು. 1930ರ ದಶಕದಲ್ಲಿ ಅಮೆರಿಕದ ಫ್ರೆಡರಿಕ್ ಮೋಹ್ಸ್ ಎಂಬ ವೈದ್ಯನು ಪದರಪದರವಾಗಿ ಕೊಯ್ದು, ಒಂದೊಂದನ್ನೂ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಕ್ರಮವನ್ನು ರೂಪಿಸಿದನು. ಅದು ನಿಖರವಾದುದು; ಆದರೆ ನಿಧಾನ.

ಈ ಕೆಲಸವನ್ನು ಬೆಳಕಿನಿಂದ ಬೇಗ ಮಾಡಿಸಲು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದವರು ಶ್ರಮಿಸಿದ್ದಾರೆ. ಕೊಯ್ದ ತುಣುಕಿನ ಮೇಲೆ ಲೇಸರ್ ಹಾಯಿಸಿ, ಚೆದರಿ ಬರುವ ಬೆಳಕಿನಿಂದ ರೋಗದ ಭಾಗವನ್ನು ಗುರುತಿಸುವುದೇ ಅವರ ಉಪಾಯ. ಇದರ ಬುಡದಲ್ಲಿರುವುದು, 1928ರಲ್ಲಿ ಸಿ. ವಿ. ರಾಮನ್ನರು ಕಲ್ಕತ್ತೆಯಲ್ಲಿ ಕಂಡು, ಮಾರ್ಚ್ 16ರಂದು ಬೆಂಗಳೂರಿನ ಉಪನ್ಯಾಸದಲ್ಲಿ ವಿವರಿಸಿದ ರಾಮನ್ ಪರಿಣಾಮ.

ಹೆಮ್ಮೆಪಟ್ಟು ಸುಮ್ಮನಾದರೆ ಸಾಲದೆಂದು ನನ್ನ ಅಭಿಪ್ರಾಯ. ಈ ರೋಗ ಬಿಳಿಯರಲ್ಲಿ ಹೆಚ್ಚು. ಆದ್ದರಿಂದ ಉಪಕರಣಗಳು ಪಳಗುವುದೂ ಬಹುಮಟ್ಟಿಗೆ ಅವರ ಚರ್ಮದ ಮೇಲೆಯೇ. ಕಂದು ಚರ್ಮದವರಲ್ಲಿಯಾದರೋ ಈ ಗಡ್ಡೆ ಅನೇಕ ವೇಳೆ ಕಪ್ಪಾಗಿರುತ್ತದೆ. ಆ ಕಪ್ಪಿಗೆ ಕಾರಣವಾದ ಮೆಲನಿನ್ ಬೆಳಕನ್ನು ಹೀರಿ, ರಾಮನ್ ಸಂಕೇತವನ್ನು ಮರೆಮಾಡಬಲ್ಲದು. ನಮ್ಮಲ್ಲಿ ರೋಗ ಅಪರೂಪವೆಂಬುದು ನಿಜ. ಆದರೆ ರೋಗಿಗೆ ಅದು ಸಮಾಧಾನವೇ? ನಮ್ಮ ಚರ್ಮದ ಮೇಲೆ ಒರೆಹಚ್ಚದೆ ಯಂತ್ರದ ಮಾತನ್ನು ನಂಬಲಾಗದು. ಆ ಪರೀಕ್ಷೆಯನ್ನು ನಮಗಾಗಿ ಪರರು ಮಾಡಿಯಾರೆಂದು ಕಾಯಬಾರದು. ನಮ್ಮ ವೈದ್ಯರೂ ಭೌತವಿಜ್ಞಾನಿಗಳೂ ಕೂಡಿ ಅದನ್ನು ಕೈಗೊಳ್ಳಬೇಕು.