ಸರ್ವರ್ ಸ್ಥಳಾಂತರ: ಪರೀಕ್ಷೆಯ ಸಾಧನ ಯಾವುದಿರಬೇಕು?

ಬೀದರ್: ಮೃಗಶಿರಾ ಮಳೆ ಬಿದ್ದೊಡನೆ ಔರಾದ, ಭಾಲ್ಕಿ ತಾಲ್ಲೂಕುಗಳ ರೈತರಿಗೆ ಸೋಯಾ, ತೊಗರಿ ಬಿತ್ತನೆಯ ಜೊತೆಗೆ ಪಹಣಿಯ ಚಿಂತೆಯೂ ಆರಂಭವಾಗುತ್ತದೆ. ಬೆಳೆ ಸಾಲಕ್ಕೂ ಬೆಳೆ ವಿಮೆಗೂ ಅದೇ ಆಧಾರ. ಆ ದಿನಗಳಲ್ಲಿ ಸರ್ವರ್ ಕೆಲವು ತಾಸು ಸ್ಥಗಿತಗೊಂಡರೂ ದಿನದ ಕೂಲಿ ಬಿಟ್ಟು ಬಂದವರು ಬರಿಗೈಯಲ್ಲಿ ಮರಳಬೇಕಾಗುತ್ತದೆ.

2001ರ ಸುಮಾರಿಗೆ ರಾಜ್ಯವ್ಯಾಪಿಯಾದ ‘ಭೂಮಿ’ ಯೋಜನೆಯಡಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕೀಕೃತಗೊಂಡವು. ಆಗ ತಾಲ್ಲೂಕು ಕಚೇರಿಯಲ್ಲೇ ಸರ್ವರ್ ಇರುತ್ತಿತ್ತು. ಅದು ಕೆಟ್ಟರೆ ಒಂದು ತಾಲ್ಲೂಕಿಗೆ ಮಾತ್ರ ತೊಂದರೆ. ಬಳಿಕ ದತ್ತಾಂಶವು ರಾಜಧಾನಿಯ ಕೇಂದ್ರಕ್ಕೆ ಸೇರಿತು. ದತ್ತಾಂಶ ಕೇಂದ್ರಗಳಲ್ಲಿ ಇಂದು ಒಂದೇ ಯಂತ್ರದೊಳಗೆ ಹಲವು ‘ವರ್ಚುವಲ್ ಮಷಿನ್’ಗಳು ಕಾರ್ಯನಿರ್ವಹಿಸುವುದು ವಾಡಿಕೆ. ಯಂತ್ರ ಹಳತಾದಾಗ ಅವುಗಳ ಸ್ಥಳಾಂತರ ಅನಿವಾರ್ಯ. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಕಂಪನಿಯು ವಿಎಂವೇರ್ ಅನ್ನು ಖರೀದಿಸಿ, ಮರುತಿಂಗಳೇ ಶಾಶ್ವತ ಪರವಾನಗಿ ಮಾರಾಟ ನಿಲ್ಲಿಸಿದ ಮೇಲೆ ಜಗತ್ತಿನ ಅನೇಕ ಸಂಸ್ಥೆಗಳು ಕೆವಿಎಂನಂತಹ ಮುಕ್ತ ತಂತ್ರಾಂಶಗಳತ್ತ ಮುಖ ಮಾಡಿವೆ.

ಚಾಲನೆಯಲ್ಲಿರುವಾಗಲೇ ನಡೆಯುವ ಸ್ಥಳಾಂತರದಲ್ಲಿ ಮೊದಲು ಮೆಮೊರಿಯ ಪ್ರತಿ ಹೊಸ ಯಂತ್ರಕ್ಕೆ ಹೋಗುತ್ತದೆ. ಆ ವೇಳೆ ಬದಲಾದ ಭಾಗಗಳು ಮತ್ತೆ ಮತ್ತೆ ರವಾನೆಯಾಗಿ, ಕೊನೆಗೆ ಕ್ಷಣಕಾಲ ನಿಂತು ಕೆಲಸ ಅಲ್ಲಿ ಮುಂದುವರಿಯುತ್ತದೆ. ಬದಲಾವಣೆಯು ಜಾಲದ ವೇಗವನ್ನು ಮೀರಿದರೆ ಸ್ಥಳಾಂತರ ಮುಗಿಯುವುದೇ ಇಲ್ಲ. ಆದ್ದರಿಂದ ಬಿಡುವಿನ ಯಂತ್ರದ ಮೇಲೆ ನಡೆಸಿದ ಪರೀಕ್ಷೆ ಬಿತ್ತನೆ ಕಾಲದ ದಟ್ಟಣೆಗೆ ಪ್ರಮಾಣವಾಗದು. ಕೃತಕ ಹೊರೆ ಹೇರಿ ನೂರಾರು ಬಾರಿ ಪರೀಕ್ಷಿಸುವುದು ಕೈಯಿಂದಾಗುವ ಕೆಲಸವಲ್ಲ. ಅದಕ್ಕೆ ಸ್ಕ್ರಿಪ್ಟ್ ಬೇಕು.

ಆಯ್ಕೆಯ ಪ್ರಶ್ನೆ ಉದ್ಭವಿಸುವುದು ಇಲ್ಲಿಯೇ. ಶೆಲ್ ಸ್ಕ್ರಿಪ್ಟ್ ಬರೆಯುವುದು ಸುಲಭ; ಆದರೆ ಮಧ್ಯೆ ತಪ್ಪಿದ್ದು ಸದ್ದಿಲ್ಲದೆ ದಾಟಿಹೋಗುವ ಅಪಾಯವಿದೆ. ಆನ್ಸಿಬಲ್ ಕೆಲಸ ಮಾಡಿಸುವುದರಲ್ಲಿ ನಿಪುಣ. ತೀರ್ಪು ನೀಡುವುದು ಅದರ ಮುಖ್ಯ ಉದ್ದೇಶವಲ್ಲ. ಅವೊಕಾಡೊದಲ್ಲಿ ಕೆವಿಎಂ ಸ್ಥಳಾಂತರದ ಸಿದ್ಧ ಪರೀಕ್ಷೆಗಳಿವೆ. ಇತರ ವೇದಿಕೆಗಳಿಗೆ ಅದರ ನೆರವು ಕಡಿಮೆ. ಪೈಥಾನ್‌ನ ಪೈಟೆಸ್ಟ್ ಸಮರ್ಥವಾದರೂ ಪ್ರೋಗ್ರಾಂ ಬಲ್ಲವರನ್ನೇ ನಿರೀಕ್ಷಿಸುತ್ತದೆ. ನೋಕಿಯಾದಲ್ಲಿ ಬೆಳೆದು 2008ರಲ್ಲಿ ಮುಕ್ತವಾದ ರೋಬೋಟ್ ಫ್ರೇಮ್‌ವರ್ಕ್‌ನಲ್ಲಿ ಪರೀಕ್ಷೆಯ ಹಂತಗಳನ್ನು ಸರಳ ವಾಕ್ಯಗಳಲ್ಲಿ, ಕನ್ನಡದಲ್ಲಿಯೂ ಹೆಸರಿಸಬಹುದು. ಒಳಗಿನ ಕೆಲಸವನ್ನು ಪೈಥಾನ್ ನಿರ್ವಹಿಸುತ್ತದೆ.

ಯಂತ್ರ ಸ್ಥಳಾಂತರಗೊಂಡಿತೆಂಬುದು ಅರ್ಧ ಉತ್ತರ ಮಾತ್ರ. ಔರಾದದಿಂದ ಬೇರ್ಪಟ್ಟು ಹೊಸ ತಾಲ್ಲೂಕಾದ ಕಮಲನಗರದ ಗ್ರಾಮದ ಪಹಣಿ ಸರಿಯಾದ ತಾಲ್ಲೂಕಿನಡಿ ತೆರೆಯುತ್ತದೆಯೇ? ಒತ್ತಕ್ಷರಗಳು ಒಡೆಯದೆ ಮುದ್ರಣವಾಗುತ್ತವೆಯೇ? ಈ ಪ್ರಶ್ನೆಗಳನ್ನು ಬರೆಯಬಲ್ಲವರು ಕಂದಾಯ ಸಿಬ್ಬಂದಿ. ಅವರು ಓದಲಾಗದ ಪರೀಕ್ಷೆಯಲ್ಲಿ ಇಂತಹ ಪ್ರಶ್ನೆಗಳೇ ಬಿಟ್ಟುಹೋಗುತ್ತವೆ. ಆ ದೃಷ್ಟಿಯಿಂದ ಮೇಲ್ಪದರಕ್ಕೆ ರೋಬೋಟ್, ಒಳಪದರಕ್ಕೆ ಪೈಥಾನ್ ಎಂಬ ಜೋಡಿಯೇ ಸೂಕ್ತವೆನಿಸುತ್ತದೆ.

ಈ ತಂತ್ರಾಂಶಗಳಿಗೆ ಪರವಾನಗಿ ಶುಲ್ಕವಿಲ್ಲ. ಬೀದರ್, ಭಾಲ್ಕಿಯ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಎರಡು ಸಾಮಾನ್ಯ ಗಣಕಯಂತ್ರಗಳಲ್ಲೇ ಇದನ್ನು ಅಭ್ಯಸಿಸಬಹುದು. ಸಾಧನ ಯಾವುದಾದರೂ ಇರಲಿ, ಪರೀಕ್ಷೆ ಮುಂಗಾರಿಗೆ ಮುನ್ನವೇ ಮುಗಿಯಬೇಕು. ಇಲ್ಲವಾದರೆ ಆ ಪರೀಕ್ಷೆ ಸರದಿಯಲ್ಲಿ ನಿಂತ ರೈತನ ಮೇಲೆಯೇ ನಡೆಯುತ್ತದೆ.