ಗ್ರಹಸಹಸ್ರವೂ ಕುತೂಹಲದಾರಿದ್ರ್ಯವೂ

ಸಂಖ್ಯೆಯು ಹೆಚ್ಚಿದಂತೆಲ್ಲ ಆಶ್ಚರ್ಯವೂ ಹೆಚ್ಚುವುದೆಂಬ ಭ್ರಾಂತಿಯೊಂದು ವಿಡಿಯೋ ಗೇಮುಗಳ ನಿರ್ಮಾತೃಗಳನ್ನು ಆವರಿಸಿರುವುದು. ಆಟಗಾರನು ಒಂದು ಪಾತ್ರವನ್ನು ವಹಿಸಿ ಅಂತರಿಕ್ಷದಲ್ಲಿ ಸ್ವೇಚ್ಛೆಯಾಗಿ ಸಂಚರಿಸುವ ಆಟಗಳಲ್ಲಂತೂ ಈ ವ್ಯಾಧಿಯು ಪರಾಕಾಷ್ಠೆಯನ್ನು ಮುಟ್ಟಿರುವುದು. ಆಟದ ಮಾತೆಂದು ವಾಚಕರು ಇದನ್ನು ತಳ್ಳಿಬಿಡಬಾರದು. ನಮ್ಮ ಮಕ್ಕಳು ಸಾಯಂಕಾಲಗಳನ್ನು ಕಳೆಯುವುದು ಅಲ್ಲಿಯೇ. ಅವರ ಜಿಜ್ಞಾಸೆಯು ಅಲ್ಲಿ ಬೆಳೆಯುವುದೋ ಬಾಡುವುದೋ ಎಂಬುದು 35 ವರ್ಷ ಪಾಠ ಹೇಳಿದವನಿಗೆ ಅಲ್ಪವಿಷಯವಲ್ಲ.

2016ರಲ್ಲಿ ಹೊರಬಂದ ‘ನೋ ಮ್ಯಾನ್ಸ್ ಸ್ಕೈ’ ಎಂಬ ಆಟದ ಗ್ರಹಗಳ ಸಂಖ್ಯೆಯು 2ರ 64ನೆಯ ಘಾತವೆಂದು ಸಾರಲಾಯಿತು. ಚದುರಂಗದ ಮನೆಮನೆಗೂ ಇಮ್ಮಡಿಸುತ್ತ ಧಾನ್ಯವನ್ನು ಬೇಡಿದ ಜಾಣನ ಕಥೆಯನ್ನು ಎಲ್ಲರೂ ಬಲ್ಲರು. ಆ ಕಾಳುಗಳ ಮೊತ್ತಕ್ಕೆ ಒಂದನ್ನು ಕೂಡಿಸಿದರೆ ಈ ಸಂಖ್ಯೆಯಾಗುವುದು. ಆದರೆ ರಾಶಿಯೆಷ್ಟೇ ದೊಡ್ಡದಾದರೂ ಕಾಳು ಕಾಳೇ. ಗಣಿತಸೂತ್ರದಿಂದ ಯಂತ್ರವು ಹೆತ್ತ ಆ ಲೋಕಗಳು ಬಹುಬೇಗ ಒಂದನ್ನೊಂದು ಹೋಲತೊಡಗಿದುವೆಂದು ಆಡಿದವರು ಅಂದೇ ದೂರಿದರು. 2023ರ ‘ಸ್ಟಾರ್‌ಫೀಲ್ಡ್’ ಸಾವಿರಕ್ಕೂ ಮಿಕ್ಕ ಗ್ರಹಗಳನ್ನು ಕೊಟ್ಟು ಅದೇ ಆಕ್ಷೇಪಕ್ಕೆ ಗುರಿಯಾಯಿತು. ಇಂತಹುದೇ ಆಟವೊಂದರಲ್ಲಿ ಹೊಸ ಗ್ರಹದ ಮೇಲಿಳಿದ ನನ್ನ ಮೊಮ್ಮಗನು, “ತಾತ, ಈ ಮನೆಯನ್ನು ಹಿಂದಿನ ಗ್ರಹದಲ್ಲೇ ನೋಡಿದ್ದೆನಲ್ಲ!” ಎಂದು ಆಕಳಿಸಿದನು. ಹನ್ನೊಂದು ವರ್ಷದ ಬಾಲಕನಿಗೆ ನಕ್ಷತ್ರಲೋಕವೇ ಬೇಸರ ತರಿಸಿತೆಂದರೆ ಇದಕ್ಕಿಂತ ಹೆಚ್ಚಿನ ದೋಷಾರೋಪಣೆ ಬೇಕೆ?

ಇದಕ್ಕೆ ಪೂರ್ವಪಕ್ಷವೊಂದುಂಟು: ‘ಅಂತರಿಕ್ಷವು ನಿಜಕ್ಕೂ ಬರಿದೇ, ಚಂದ್ರನ ಮೇಲಿಳಿದವರಿಗೆ ಅಲ್ಲಿ ಏನೂ ಇರಲಿಲ್ಲ, ಆದರೂ ಅವರಿಗೆ ಬೇಸರವಾಗಲಿಲ್ಲ’ ಎಂದು. ಈ ವಾದವು ಹೇಳುವವರನ್ನೇ ತಿರುಗಿ ಹೊಡೆಯುವುದು. 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್, ಜೇಮ್ಸ್ ಇರ್ವಿನ್ ಇಬ್ಬರೂ ಭೂವಿಜ್ಞಾನಿಗಳ ಸಂಗಡ ಬೆಟ್ಟಗಾಡುಗಳಲ್ಲಿ ಅಭ್ಯಾಸಮಾಡಿ, ಚಂದ್ರನ ಆದಿಮ ಹೊರಪದರದ ತುಣುಕು ದೊರೆತೀತೇ ಎಂಬ ಪ್ರಶ್ನೆಯನ್ನು ಹೊತ್ತು ಹೋದವರು. ಆದುದರಿಂದಲೇ 400 ಕೋಟಿ ವರ್ಷಕ್ಕೂ ಹಳೆಯದಾದ ಬಿಳಿಯ ಕಲ್ಲೊಂದು ಕಂಡಕೂಡಲೇ ಅದರ ಬೆಲೆಯನ್ನು ಅರಿತರು. ಆ ಕಲ್ಲಿನ ತೂಕ 270 ಗ್ರಾಮಿನಷ್ಟು ಮಾತ್ರ! ನ್ಯಾಯಶಾಸ್ತ್ರವು ಷೋಡಶ ಪದಾರ್ಥಗಳನ್ನೆಣಿಸುವಾಗ ಪ್ರಮಾಣಪ್ರಮೇಯಗಳ ಬೆನ್ನಿಗೇ ಸಂಶಯವನ್ನೂ ಪ್ರಯೋಜನವನ್ನೂ ಇಟ್ಟಿರುವುದು ವ್ಯರ್ಥವಲ್ಲ. ಸಂಶಯವಿಲ್ಲದವನಿಗೆ ಅನ್ವೇಷಣೆಯೆಲ್ಲಿಯದು?

ಇದನ್ನು ಬಲ್ಲ ಆಟವೂ ಒಂದುಂಟು. 2019ರ ‘ಔಟರ್ ವೈಲ್ಡ್ಸ್’ನಲ್ಲಿರುವುದು ಬೆರಳೆಣಿಕೆಯ ಗ್ರಹಗಳು. 22 ನಿಮಿಷಕ್ಕೊಮ್ಮೆ ಸೂರ್ಯನು ಸಿಡಿಯುವನು. ಎಲ್ಲವೂ ಮೊದಲಿನಿಂದ ಆರಂಭವಾಗುವುದು. ಆಟಗಾರನಲ್ಲಿ ಧನವೂ ಉಳಿಯದು, ಆಯುಧವೂ ಉಳಿಯದು, ಅರಿತುದೊಂದೇ ಉಳಿಯುವುದು. ಅಲ್ಲಿಯ ಅವಳಿ ಗ್ರಹಗಳಲ್ಲಿ ಒಂದರ ಮರಳು ಮತ್ತೊಂದಕ್ಕೆ ಸುರಿಯುತ್ತಿರಲು, ಇಲ್ಲಿ ಹೂತ ಕಟ್ಟಡಗಳು ಮೇಲೇಳುವುವು, ಅಲ್ಲಿಯ ಗುಹೆಗಳು ಮುಚ್ಚಿಹೋಗುವುವು. ಎಲ್ಲಿಗೆ ಹೋಗಬೇಕೆಂಬುದರ ಜೊತೆಗೆ ಯಾವಾಗ ಹೋಗಬೇಕೆಂಬುದನ್ನೂ ಹುಡುಗನು ತಾನೇ ಊಹಿಸಬೇಕು.

ಪಾತ್ರವಹಿಸುವ ಆಟಗಳನ್ನು ಕಟ್ಟುವವರು ಕಲಿಯಬೇಕಾದ ಪಾಠವಿದು. ಗ್ರಹಗಳನ್ನು ಕಡಮೆಮಾಡಲಿ. ಒಂದು ಗ್ರಹದಲ್ಲಿ ಕಂಡುದು ಇನ್ನೊಂದರ ಬಗೆಗೆ ಪ್ರಶ್ನೆಯನ್ನೆಬ್ಬಿಸಲಿ. ವರ್ತಕನಾಗಿ ಇಳಿದವನಿಗೂ ವಿಜ್ಞಾನಿಯಾಗಿ ಇಳಿದವನಿಗೂ ಅದೇ ನೆಲವು ಬೇರೆಬೇರೆಯಾಗಿ ಕಾಣಲಿ. ಇಲ್ಲವಾದರೆ ಪಾತ್ರವೆಂಬುದು ಬರಿಯ ವೇಷ. ತಂದೆತಾಯಿಗಳೂ ಮಕ್ಕಳನ್ನು ‘ಎಷ್ಟು ಗ್ರಹಗಳನ್ನು ಸುತ್ತಿದೆ?’ ಎಂದು ಕೇಳುವುದನ್ನು ಬಿಟ್ಟು, ‘ಏನನ್ನು ಹುಡುಕಿಕೊಂಡು ಹೋದೆ?’ ಎಂದು ಕೇಳಲಿ. ಉತ್ತರವು ಬಾರದಿದ್ದರೆ ಆ ಆಟವನ್ನು ಮುಚ್ಚಿಡುವುದೇ ಲೇಸು.