ಬೇರಿಂಗಿಗೆ ಸುತ್ತಿಗೆ ಸಲ್ಲದು

ಪಾರ್ಚ್‌ಮೆಂಟ್ ಮಾಡುವ ಕಾಫಿ ಹಣ್ಣನ್ನು ಕೊಯ್ದ ದಿನವೇ ಪಲ್ಪರಿಗೆ ಹಾಕದಿದ್ದರೆ ಹುಳಿತು ಗುಣ ಕೆಡುತ್ತದೆ. ಈ ಆತುರದಲ್ಲಿ ಸವೆದ ಬೇರಿಂಗನ್ನು ಬಡಿದು ಕೀಳುವುದು, ಹೊಸದನ್ನು ಬಡಿದೇ ಕೂರಿಸುವುದು ನಮ್ಮಲ್ಲಿ ರೂಢಿಯಾಗಿದೆ. ಹೊರಬಳೆಗೆ ಬಿದ್ದ ಪೆಟ್ಟು ಗುಂಡುಗಳಿಗೆ ತಗಲಿ, ಅವು ಉರುಳುವ ಜಾಡಿನಲ್ಲಿ ಕುಳಿ ಬೀಳುತ್ತದೆ. ಹೊಸ ಬೇರಿಂಗ್ ಬೇಗನೆ ಹಾಳಾಗುತ್ತದೆ.

ಶಾಫ್ಟಿಗೆ ಬಿಗಿಯಾಗಿ ಕೂತ ಬೇರಿಂಗನ್ನು ಪುಲ್ಲರಿನಿಂದ ಎಳೆಯಬೇಕು. ಸೀಲ್ ಇಲ್ಲದ ಹೊಸ ಬೇರಿಂಗನ್ನು ಶುದ್ಧ ಎಣ್ಣೆಯಲ್ಲಿ ತೂಗುಬಿಟ್ಟು 90 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಹಿಗ್ಗಿ ಸಲೀಸಾಗಿ ಕೂರುತ್ತದೆ, 120 ಮೀರಬಾರದು. ಸೀಲ್ ಇರುವುದನ್ನು ಕಾಯಿಸದೆ, ಒಳಬಳೆಗೆ ಮಾತ್ರ ತಾಗುವ ಕೊಳವೆಯಿಟ್ಟು ಒತ್ತಬೇಕು. ಅಡಿಕೆ ಸುಲಿಯುವ ಯಂತ್ರಕ್ಕೂ ಇದೇ ಮಾತು.

ಎರಡು ಮೂರು ಎಕರೆಯ ಬೆಳೆಗಾರ ಅಪರೂಪದ ಕೆಲಸಕ್ಕೆ ಪುಲ್ಲರ್ ಕೊಳ್ಳಲಾರ. ಸಂಘವೇ ಒಂದನ್ನು ಕೊಂಡಿಟ್ಟು ಸದಸ್ಯರಿಗೆ ಎರವಲು ಕೊಡಬೇಕೆಂಬುದು ನಮ್ಮ ಅಭಿಪ್ರಾಯ. ಬರುವ ಮಹಾಸಭೆಯಲ್ಲಿ ಸದಸ್ಯರು ಈ ಮಾತೆತ್ತಬೇಕೆಂದು ಕೋರುತ್ತೇವೆ.